ತಂತಿ ಕರಗಿದ ಮೇಲೆ ಫ್ಯೂಸ್ ಮಾಡುವ ಕೆಲಸ

(ವಿದ್ಯುತ್ ಕೆಲಸ ಕಲಿಯುತ್ತಿರುವವರು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದ ಲೆಕ್ಕವನ್ನು ಮಾತಿಗೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿ ಎರಡು ಫ್ಯೂಸ್ ಇವೆ. ಒಂದು ಗಾಜಿನ ಕೊಳವೆಯದು, 20 ಮಿಲಿಮೀಟರ್ ಉದ್ದ, ಒಳಗಿನ ಕೂದಲೆಳೆಯಂಥ ತಂತಿ ಹೊರಗಿನಿಂದಲೇ ಕಾಣುತ್ತದೆ. ಇನ್ನೊಂದು ಬಿಳಿ ಪಿಂಗಾಣಿಯದು. ಎರಡು ತುದಿಗೂ ಲೋಹದ ಮುಚ್ಚಳ, ಒಳಗೇನಿದೆ ಎಂದು ಕಾಣುವುದಿಲ್ಲ, ಗಾತ್ರಕ್ಕೆ ಹೋಲಿಸಿದರೆ ತೂಕ ಜಾಸ್ತಿ. ಇವನ್ನು ಸಾಲಿನಲ್ಲಿ ದಾಟಿಸಿ, ಎಲ್ಲರೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಆ ತೂಕ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ಮಾತು.

ಫ್ಯೂಸ್ ಅಂದರೇನು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಕರೆಂಟ್ ಜಾಸ್ತಿಯಾದರೆ ತಂತಿ ಬಿಸಿಯಾಗಿ ಕರಗುತ್ತದೆ, ಸರ್ಕ್ಯೂಟ್ ಕಟ್ ಆಗುತ್ತದೆ. ಶಾಲೆಯಲ್ಲಿ ನಾವೂ ಇದನ್ನೇ ಬರೆದು ಅಂಕ ತೆಗೆದುಕೊಂಡಿದ್ದೇವೆ. ಈ ಉತ್ತರದ ಮೊದಲ ಅರ್ಧ ಸರಿ. ‘ಕರಗುತ್ತದೆ’ ಮತ್ತು ‘ಕಟ್ ಆಗುತ್ತದೆ’ ಇವೆರಡರ ನಡುವೆ ಒಂದು ಅಲ್ಪವಿರಾಮ ಹಾಕಿ ಮುಂದೆ ಹೋಗುತ್ತೇವಲ್ಲ, ಫ್ಯೂಸಿನ ನಿಜವಾದ ಕೆಲಸವೆಲ್ಲ ಆ ಅಲ್ಪವಿರಾಮದೊಳಗಿದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ಯಾನೆಲ್‌ನಲ್ಲಿ ವೋಲ್ಟೇಜ್ ನೋಡಲು ಹೋದೆ. ಅದಕ್ಕೂ ಮುಂಚೆ ಅದೇ ಮೀಟರ್‌ನಲ್ಲಿ ಕರೆಂಟ್ ಅಳೆದಿದ್ದೆ, ಕೆಂಪು ವೈರನ್ನು 10 ಆಂಪ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕಲು ಮರೆತಿದ್ದೆ. ಹಾಗಿದ್ದಾಗ ಮೀಟರ್ ಅನ್ನುವುದು ಎರಡು ಫೇಸ್ ನಡುವೆ ಇಟ್ಟ ಒಂದು ತುಂಡು ತಂತಿ ಅಷ್ಟೇ. ಮೀಟರ್‌ನೊಳಗೆ ಫ್ಯೂಸ್ ಇತ್ತು. ಆದರೆ ಅದರ ಮೂಲ ಫ್ಯೂಸ್ ಎಂದೋ ಹೋಗಿ, ಯಾರೋ ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವಂಥ ಗಾಜಿನ ಫ್ಯೂಸ್ ಹಾಕಿಟ್ಟಿದ್ದರು. ಆಂಪ್ ಸರಿಯಾಗಿಯೇ ಇತ್ತು, 10 ಅಂದರೆ 10. ಢಂ ಎಂದಿತು. ಮೀಟರಿನ ಬೆನ್ನು ಎರಡು ಹೋಳಾಯಿತು, ಗಾಜಿನ ಪುಡಿ ಮತ್ತು ಕಪ್ಪು ಮಸಿ ನನ್ನ ತೋಳಿಗೆ ಅಂಟಿತ್ತು. ಕೈಗವಸು, ಕನ್ನಡಕ ಹಾಕಿಕೊಂಡಿದ್ದರಿಂದ ಇವತ್ತು ಇಲ್ಲಿ ನಿಂತಿದ್ದೇನೆ. ಆ ಗಾಜಿನ ಫ್ಯೂಸಿನ ತಂತಿ ಕರಗಿತ್ತೇ? ಖಂಡಿತ ಕರಗಿತ್ತು. ಕರಗಿಯೂ ಕರೆಂಟ್ ನಿಲ್ಲಲಿಲ್ಲ. ಕೊನೆಗೆ ಅದನ್ನು ನಿಲ್ಲಿಸಿದ್ದು ಪ್ಯಾನೆಲ್‌ನ ಹಿಂದಿದ್ದ ಪಿಂಗಾಣಿ ಫ್ಯೂಸ್.

ಕರಗಿದ ಮೇಲೂ ಕರೆಂಟ್ ಹೇಗೆ ಹರಿಯುತ್ತದೆ? ತಂತಿ ತುಂಡಾದ ಜಾಗದಲ್ಲಿ ಆರ್ಕ್ ಹುಟ್ಟುತ್ತದೆ. ಕರಗಿದ ಲೋಹ ಆವಿಯಾಗಿ, ಆ ಆವಿ ಸಾವಿರಾರು ಡಿಗ್ರಿ ಕಾದು, ಅದೇ ಒಂದು ವಾಹಕವಾಗುತ್ತದೆ. ವೆಲ್ಡಿಂಗ್ ಮಾಡುವವರು ದಿನವಿಡೀ ನೋಡುವುದು ಇದನ್ನೇ. ರಾಡ್ ಮತ್ತು ಕಬ್ಬಿಣದ ನಡುವೆ ಅಂತರವಿದ್ದರೂ ನೂರಾರು ಆಂಪ್ ಹರಿಯುತ್ತಿರುತ್ತದೆ. ತಂತಿ ಕರಗಿಸಲು ಜಾಣತನ ಬೇಕಿಲ್ಲ, ಅದನ್ನು ಕರೆಂಟೇ ಮಾಡಿಕೊಳ್ಳುತ್ತದೆ. ಹುಟ್ಟಿದ ಆರ್ಕನ್ನು ಆರಿಸಬೇಕು, ಅದೂ ಡಬ್ಬಿ ಒಡೆಯದೆ.

ಎಷ್ಟು ಕರೆಂಟಿನ ಮಾತಾಡುತ್ತಿದ್ದೇವೆ ಎಂದು ಮೊದಲು ಅಂದಾಜು ಮಾಡೋಣ. 1,000 ಕೆವಿಎ ಟ್ರಾನ್ಸ್‌ಫಾರ್ಮರ್, ಹೊರಗೆ 400 ವೋಲ್ಟ್, ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದರೊಳಗೇ ಇರುವ ಅಡ್ಡಿ, 5 ಪ್ರತಿಶತ. ಅದರ ಪೂರ್ಣ ಲೋಡ್ ಕರೆಂಟ್ ಸುಮಾರು 1,440 ಆಂಪ್. ಅದರ ಬಾಯಲ್ಲೇ ಶಾರ್ಟ್ ಆದರೆ ಇದನ್ನು 0.05ರಿಂದ ಭಾಗಿಸಿ: ಸುಮಾರು 29,000 ಆಂಪ್. ಇದು ಆರ್‌ಎಂಎಸ್ ಲೆಕ್ಕ, ಅಂದರೆ ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ. ಶಾರ್ಟ್ ಆಗುವ ಗಳಿಗೆ ವೋಲ್ಟೇಜ್ ಅಲೆಯ ಸೊನ್ನೆಗೆ ಹತ್ತಿರ ಬಿದ್ದರೆ ಮೊದಲ ಉಬ್ಬು ಇನ್ನೂ ಮೇಲಕ್ಕೆ, 60,000 ಆಂಪ್ ಆಸುಪಾಸಿಗೆ ಹೋಗಬಹುದು. ನನ್ನ ಮೀಟರಿನೊಳಗಿದ್ದ ಗಾಜಿನ ಫ್ಯೂಸ್ ಇದೆಯಲ್ಲ, ಆ ಜಾತಿಯ ಕಡಿಮೆ ಸಾಮರ್ಥ್ಯದ ಫ್ಯೂಸಿಗೆ ಮಾನದಂಡ ಕೇಳುವ ಮುರಿಯುವ ಶಕ್ತಿ, ಅಂದರೆ ಡಬ್ಬಿ ಒಡೆಯದೆ ನಿಲ್ಲಿಸಬಲ್ಲ ಗರಿಷ್ಠ ಕರೆಂಟ್, 35 ಆಂಪ್, ಇಲ್ಲವೇ ತನ್ನ ರೇಟಿಂಗ್‌ನ ಹತ್ತರಷ್ಟು, ಎರಡರಲ್ಲಿ ಯಾವುದು ದೊಡ್ಡದೋ ಅದು. 10 ಆಂಪ್ ಫ್ಯೂಸಿಗೆ 100 ಆಂಪ್. ಅದರ ಮುಂದೆ ನಿಂತದ್ದು ಸಾವಿರಗಳು. ಪಿಂಗಾಣಿ ಫ್ಯೂಸಿನ ಮೈಮೇಲೆ ಓದಿ ನೋಡಿ, 80 ಕೆಎ ಎಂದು ಬರೆದಿದೆ. ಎಂಬತ್ತು ಸಾವಿರ. ಫ್ಯೂಸ್ ಕೊಳ್ಳುವಾಗ ನಾವು ಆಂಪ್ ಒಂದನ್ನೇ ಕೇಳುತ್ತೇವೆ. ಈ ಮೂಲೆಯ ಸಣ್ಣ ಅಕ್ಷರವನ್ನು ಓದುವವರು ಕಡಿಮೆ.

ಈಗ ಒಳಗೆ ಹೋಗೋಣ. ಮೂರನೆಯದೊಂದು ಫ್ಯೂಸನ್ನು ಮನೆಯಲ್ಲಿ ಗರಗಸದಿಂದ ಕೊಯ್ದು ತಂದಿದ್ದೇನೆ, ಇದು ಕೆಲಸ ಮಾಡದ ಹೊಸ ಫ್ಯೂಸ್. ಮುಚ್ಚಳ ತೆಗೆದು ಬಗ್ಗಿಸಿದರೆ ಸಣ್ಣಗೆ, ಒಣಗಿದ, ಬಿಳಿ ಮರಳು ಸುರಿಯುತ್ತದೆ. ತೂಕ ಇದರದ್ದು. ಮರಳೆಲ್ಲ ಹೋದ ಮೇಲೆ ಉಳಿಯುವುದು ಒಂದು ತೆಳು ಪಟ್ಟಿ, ಬೆಳ್ಳಿಯದೋ ತಾಮ್ರದ್ದೋ. ಪಟ್ಟಿ ಉದ್ದಕ್ಕೂ ಒಂದೇ ಅಗಲವಿಲ್ಲ. ಅಲ್ಲಲ್ಲಿ ತೂತು ಕೊರೆದು ಅಥವಾ ಎರಡೂ ಕಡೆಯಿಂದ ಕಚ್ಚಿ, ಐದಾರು ಕಡೆ ಕತ್ತು ಹಿಸುಕಿದ ಹಾಗೆ ಮಾಡಿದ್ದಾರೆ. ನಾನು ಅದನ್ನು ಕತ್ತು ಎಂದೇ ಕರೆಯುತ್ತೇನೆ. ನಟ್ಟನಡುವೆ ಮಂಕು ಬಣ್ಣದ ಒಂದು ತವರದ ಬೊಟ್ಟು. ಇಷ್ಟೇ ಸಾಮಾನು. ಚಲಿಸುವ ಭಾಗ ಒಂದೂ ಇಲ್ಲ, ಸ್ಪ್ರಿಂಗ್ ಇಲ್ಲ, ಸುರುಳಿ ಇಲ್ಲ.

ದೊಡ್ಡ ಶಾರ್ಟ್ ಆಯಿತು ಎಂದುಕೊಳ್ಳಿ. ಕರೆಂಟ್ ಎಷ್ಟು ವೇಗವಾಗಿ ಏರುತ್ತದೆಂದರೆ ಕತ್ತಿನಲ್ಲಿ ಹುಟ್ಟಿದ ಬಿಸಿಗೆ ಪಕ್ಕಕ್ಕೆ ಹರಡಲು ಸಮಯವೇ ಸಿಗುವುದಿಲ್ಲ. ಹುಟ್ಟಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕರೆಂಟಿನ ವರ್ಗವನ್ನು ಕಾಲದ ಜೊತೆ ಕೂಡಿಸುತ್ತ ಹೋದರೆ ಒಂದು ನಿಗದಿತ ಮೊತ್ತಕ್ಕೆ ಕತ್ತು ಕರಗುತ್ತದೆ. ಇದನ್ನೇ ‘ಐ ಸ್ಕ್ವೇರ್ ಟಿ’ ಎನ್ನುವುದು. ಒಂದು 100 ಆಂಪ್ ಫ್ಯೂಸಿಗೆ ಕರಗುವ ಮೊತ್ತ 25,000 ಎಂದಿಟ್ಟುಕೊಳ್ಳಿ. ನಮ್ಮ 29,000 ಆಂಪ್ ಶಾರ್ಟಿನಲ್ಲಿ ಅಲೆ ಏರುವ ವೇಗ ಹಾಕಿ ಲೆಕ್ಕ ಮಾಡಿದರೆ 0.8 ಮಿಲಿಸೆಕೆಂಡಿಗೇ ಆ ಮೊತ್ತ ತುಂಬಿಬಿಡುತ್ತದೆ. ಆಗ ಕರೆಂಟ್ ಇನ್ನೂ 10,000 ಆಂಪ್ ಹತ್ತಿರ ಇರುತ್ತದೆ. 50 ಹರ್ಟ್ಸ್‌ನಲ್ಲಿ ಅರ್ಧ ಸೈಕಲ್ ಎಂದರೆ 10 ಮಿಲಿಸೆಕೆಂಡ್. ಶಾರ್ಟ್ ತನ್ನ ಪೂರ್ಣ ರೂಪ ತೋರಿಸುವ ಮೊದಲೇ ಐದೂ ಕತ್ತುಗಳು ಒಟ್ಟಿಗೆ ಹಾರಿಹೋಗಿರುತ್ತವೆ. 60,000 ತಲುಪಬೇಕಾದದ್ದು 10,000ದಲ್ಲೇ ತಿರುಗುತ್ತದೆ. ಪ್ಯಾನೆಲ್‌ನಲ್ಲಿ ಕರೆಂಟ್ ಹೊರುವ ದಪ್ಪ ಲೋಹದ ಪಟ್ಟಿಗಳಾದ ಬಸ್‌ಬಾರ್‌ಗಳನ್ನು ಒಂದಕ್ಕೊಂದು ಎಳೆದು ತಳ್ಳಿ ಬಗ್ಗಿಸುವ ಬಲವೂ ಕರೆಂಟಿನ ವರ್ಗಕ್ಕೇ ಹೊಂದಿಕೊಂಡಿದೆ, ಹಾಗಾಗಿ ಅದು ಮೂವತ್ತಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇಲ್ಲಿಗೆ ಕರಗುವ ಕತೆ ಮುಗಿಯಿತು. 10,000 ಆಂಪ್ ಹರಿಯುತ್ತಿದೆ, ಐದು ಕಡೆ ಆರ್ಕ್ ಹೊತ್ತಿದೆ. ಈಗ ನಿಲ್ಲಿಸಬೇಕು.

ಹರಿಯುತ್ತಿರುವ ಕರೆಂಟಿಗೆ ಜಡತ್ವವಿದೆ. ಟ್ರಾನ್ಸ್‌ಫಾರ್ಮರ್, ಕೇಬಲ್ ಎಲ್ಲದರಲ್ಲೂ ಇಂಡಕ್ಟೆನ್ಸ್ ಇರುವುದರಿಂದ ಅದು ತಟ್ಟನೆ ನಿಲ್ಲಲಾರದು, ಇಳಿಜಾರಿನಲ್ಲಿ ಬರುತ್ತಿರುವ ಹೇರು ತುಂಬಿದ ಗಾಡಿಯ ಹಾಗೆ. ಹಿಂದಿನಿಂದ ಸರಬರಾಜಿನ ವೋಲ್ಟೇಜ್ ತಳ್ಳುತ್ತಲೇ ಇದೆ. ಗಾಡಿಯ ವೇಗ ಕಡಿಮೆಯಾಗಬೇಕಾದರೆ ಮುಂದಿನಿಂದ ಒತ್ತುವ ಬಲ ಹಿಂದಿನಿಂದ ತಳ್ಳುವುದಕ್ಕಿಂತ ಹೆಚ್ಚಿರಬೇಕು. ವಿದ್ಯುತ್ತಿನಲ್ಲಿ ಆ ಎದುರು ಬಲ ಅಂದರೆ ಆರ್ಕ್ ತನ್ನ ಎರಡು ತುದಿಗಳ ನಡುವೆ ಹಿಡಿದುಕೊಳ್ಳುವ ವೋಲ್ಟೇಜ್. ಅದು ಸರಬರಾಜಿಗಿಂತ ಮೇಲೆ ಹೋದ ಕ್ಷಣದಿಂದ ಕರೆಂಟ್ ಇಳಿಯಲು ಶುರು. ಅಂದರೆ ಒಳ್ಳೆಯ ಫ್ಯೂಸ್ ಆರ್ಕನ್ನು ಬರಬೇಡ ಎನ್ನುವುದಿಲ್ಲ. ಬರಲು ಬಿಟ್ಟು, ಅದರಿಂದಲೇ ಬ್ರೇಕ್ ಹಾಕಿಸುತ್ತದೆ. ನನಗೆ ಇದು ಅರ್ಥವಾದ ದಿನ ಸುಮ್ಮನೆ ಕೂತುಬಿಟ್ಟಿದ್ದೆ. ವಿದ್ಯುತ್ ಉಪಕರಣಗಳಲ್ಲಿ ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಜಾಣತನ ನಾನು ಬೇರೆಲ್ಲೂ ಕಂಡಿಲ್ಲ.

ಆ ವೋಲ್ಟೇಜ್ ಎಲ್ಲಿಂದ ಬರುತ್ತದೆ? ಸ್ವಲ್ಪ ಭಾಗ ಕತ್ತುಗಳ ಸಂಖ್ಯೆಯಿಂದ. ಪ್ರತಿ ಆರ್ಕೂ ಲೋಹ ಮುಟ್ಟುವ ಎರಡು ತುದಿಗಳಲ್ಲಿ ಸುಮಾರು 20 ವೋಲ್ಟ್ ತಿನ್ನುತ್ತದೆ. ಒಂದೇ ಆರ್ಕ್ ಇದ್ದರೆ 20, ಐದು ಇದ್ದರೆ 100, ಹುಟ್ಟಿದ ಕೂಡಲೇ. ಹೆಚ್ಚು ವೋಲ್ಟೇಜಿನ ಫ್ಯೂಸ್ ಉದ್ದವಿರುವುದು, ಅದರಲ್ಲಿ ಕತ್ತುಗಳು ಜಾಸ್ತಿ ಇರುವುದು ಇದಕ್ಕೇ. ಮಿಕ್ಕ ದೊಡ್ಡ ಪಾಲು ಮರಳಿನಿಂದ.

ಮರಳಿನ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಜನ ಅದನ್ನು ಖಾಲಿ ಜಾಗ ತುಂಬಲು ಹಾಕಿದ್ದು ಎಂದುಕೊಂಡಿರುತ್ತಾರೆ. ಇದು ಶುದ್ಧ ಸ್ಫಟಿಕ ಶಿಲೆಯ ಮರಳು. ತೊಳೆದು, ಒಣಗಿಸಿ, ಕಾಳಿನ ಗಾತ್ರ ಜರಡಿ ಹಿಡಿದು, ಫ್ಯೂಸನ್ನು ನಡುಗಿಸುತ್ತ ಗಟ್ಟಿಯಾಗಿ ತುಂಬುತ್ತಾರೆ. ಎಷ್ಟು ಗಟ್ಟಿ ತುಂಬಿದರೂ ಕಾಳು ಕಾಳಿನ ನಡುವೆ ಸಂದು ಉಳಿಯುತ್ತದೆ, ಆ ಸಂದು ಬೇಕೇ ಬೇಕು. ಕತ್ತು ಸಿಡಿದಾಗ ಕಾದ ಲೋಹದ ಆವಿ ಭಾರೀ ಒತ್ತಡದಿಂದ ಆ ಸಂದುಗಳೊಳಗೆ ನುಗ್ಗುತ್ತದೆ, ತಣ್ಣನೆಯ ಕಾಳುಗಳ ಮೈಮೇಲೆ ತಣಿದು ಘನವಾಗುತ್ತದೆ. ಹೀಗೆ ಆರ್ಕಿಗೆ ಆಹಾರವಾಗಬೇಕಿದ್ದ ಲೋಹ ಚದುರಿಹೋಗುತ್ತದೆ. ಅದೇ ಹೊತ್ತಿಗೆ ಹತ್ತಿರದ ಕಾಳುಗಳು ಕರಗುತ್ತವೆ; ಸ್ಫಟಿಕ ಕರಗಲು ಸುಮಾರು 1,700 ಡಿಗ್ರಿ ಬೇಕು, ಅಷ್ಟು ಬಿಸಿಯಾಗಿ ಕರಗುವಷ್ಟರಲ್ಲಿ ಅದು ಆರ್ಕಿನ ಶಕ್ತಿಯನ್ನು ಹೀರಿಕೊಂಡಿರುತ್ತದೆ. ಸುತ್ತಲೂ ಮರಳಿನ ಗೋಡೆ ಇರುವುದರಿಂದ ಆರ್ಕ್ ಊದಿಕೊಳ್ಳಲಾರದು, ಸಣ್ಣ ಸುರಂಗದಲ್ಲಿ ಹಿಸುಕಿದಂತೆ ಇರುತ್ತದೆ. ಹಿಸುಕಿದ, ತಣಿಸಿದ ಆರ್ಕಿಗೆ ಉರಿಯಲು ಪ್ರತಿ ಮಿಲಿಮೀಟರಿಗೂ ಹೆಚ್ಚು ವೋಲ್ಟೇಜ್ ಬೇಕು. ಪಟ್ಟಿಯ ತುದಿಗಳು ಸುಡುತ್ತ ಹಿಂದಕ್ಕೆ ಸರಿಯುವುದರಿಂದ ಆರ್ಕಿನ ಉದ್ದವೂ ಬೆಳೆಯುತ್ತದೆ. ಹೀಗೆ ಆ 100 ವೋಲ್ಟ್ ನೋಡನೋಡುತ್ತ 800, 1,000ಕ್ಕೆ ಏರುತ್ತದೆ.

ಹಲಗೆಯ ಲೆಕ್ಕಕ್ಕೆ ಮರಳೋಣ. ನಮ್ಮ ಶಾರ್ಟಿನ ಹಾದಿಯ ಇಂಡಕ್ಟೆನ್ಸ್ ಸುಮಾರು 25 ಮೈಕ್ರೋಹೆನ್ರಿ. 10,000 ಆಂಪ್ ಹರಿಯುವಾಗ ಅದರಲ್ಲಿ ಕೂಡಿಟ್ಟ ಶಕ್ತಿ 1,250 ಜೂಲ್. ಇದೆಲ್ಲ, ಜೊತೆಗೆ ಆ ಹೊತ್ತಿನಲ್ಲಿ ಸರಬರಾಜು ತಳ್ಳುವ ಇನ್ನಷ್ಟು, ಆ ಮರಳಿನಲ್ಲೇ ಕರಗಬೇಕು. 60,000ಕ್ಕೆ ಏರಲು ಬಿಟ್ಟಿದ್ದರೆ 45,000 ಜೂಲ್ ಆಗುತ್ತಿತ್ತು, ಈ ಡಬ್ಬಿ ಅದನ್ನು ತಡೆಯುತ್ತಿರಲಿಲ್ಲ. ಬೇಗ ಕರಗಿದ್ದರಿಂದಲೇ ಆರಿಸುವ ಕೆಲಸ ಡಬ್ಬಿಯ ಕೈಗೆ ಎಟುಕಿತು. ಆರ್ಕಿನ ವೋಲ್ಟೇಜ್ 800, ಸರಬರಾಜಿನದು ಆ ಕ್ಷಣಕ್ಕೆ 300 ಎಂದರೆ ಉಳಿಯುವ 500 ವೋಲ್ಟ್ ಕರೆಂಟನ್ನು ಪ್ರತಿ ಮೈಕ್ರೋಸೆಕೆಂಡಿಗೆ 20 ಆಂಪ್‌ನಂತೆ ಇಳಿಸುತ್ತದೆ. 10,000 ಆಂಪ್ ಅರ್ಧ ಮಿಲಿಸೆಕೆಂಡಿನಲ್ಲಿ ಸೊನ್ನೆ. ಆರ್ಕಿನ ವೋಲ್ಟೇಜ್ ಏರಲು ಹಿಡಿಯುವ ಹೊತ್ತನ್ನೂ ಸೇರಿಸಿದರೆ ಇನ್ನೂ ಸ್ವಲ್ಪ, ಅಷ್ಟೇ.

ಹಾಗಾದರೆ 5,000 ವೋಲ್ಟ್ ಮಾಡಿ ಇನ್ನೂ ಬೇಗ ನಿಲ್ಲಿಸಬಾರದೇ ಎಂದು ಯಾರಿಗಾದರೂ ಅನ್ನಿಸಿದ್ದರೆ, ಬೇಡ. ಆ ವೋಲ್ಟೇಜ್ ಫ್ಯೂಸಿನಲ್ಲಷ್ಟೇ ಇರುವುದಿಲ್ಲ, ಸರ್ಕ್ಯೂಟಿನಲ್ಲಿ ಇರುವ ಎಲ್ಲರ ಮೇಲೂ ಬೀಳುತ್ತದೆ, ಇನ್ಸುಲೇಷನ್ ತೂತಾಗುತ್ತದೆ. ಅದಕ್ಕೇ ಮಾನದಂಡಗಳು ಆರ್ಕ್ ವೋಲ್ಟೇಜಿಗೂ ಒಂದು ಮೇಲ್ಮಿತಿ ಹಾಕಿವೆ. 230 ವೋಲ್ಟಿನ ಜಾಗಕ್ಕೆ ತೀರ ಹೆಚ್ಚಿನ ವೋಲ್ಟೇಜಿನ ಫ್ಯೂಸ್ ತಂದು ಹಾಕುವಾಗಲೂ ಇದು ನೆನಪಿರಲಿ.

ಕೆಲಸ ಮಾಡಿದ ಫ್ಯೂಸನ್ನು ಕೊಯ್ದರೆ ಏನು ಸಿಗುತ್ತದೆ? ಇಗೋ ಇದು. ಮರಳು ಸುರಿಯುತ್ತದೆ, ಆದರೆ ನಡುವೆ ಪಟ್ಟಿಯ ಬದಲು ಗಂಟುಗಂಟಾದ, ಬೂದು ಬಣ್ಣದ ಒಂದು ಕಡ್ಡಿ. ಒಳಗೆ ಕಪ್ಪು, ಹೊರಗೆ ಕರಗದ ಕಾಳುಗಳು ಸಕ್ಕರೆ ಅಂಟಿದ ಹಾಗೆ. ಕತ್ತು ಇದ್ದಲ್ಲೆಲ್ಲ ಗಂಟು ದಪ್ಪ. ಉಗುರಿನಿಂದ ತಟ್ಟಿದರೆ ಗಾಜಿನ ಸದ್ದು. ಇದಕ್ಕೆ ಫುಲ್ಗುರೈಟ್ ಎನ್ನುತ್ತಾರೆ. ಮರಳುಗಾಡಿನಲ್ಲಿ ಸಿಡಿಲು ಬಡಿದಾಗ ನೆಲದೊಳಗೆ ಆಗುವ ಗಾಜಿನ ಕೊಳವೆಗೂ ಇದೇ ಹೆಸರು. ಕರೆಂಟ್ ನಿಂತ ಮೇಲೆ ಅದರ ಎರಡೂ ಕಡೆ ಪೂರ್ತಿ ವೋಲ್ಟೇಜ್ ಬಂದು ನಿಲ್ಲುತ್ತದೆ, ಇನ್ನೂ ಬಿಸಿಯಾಗಿರುವ ಈ ಗಾಜು ಅದನ್ನು ತಡೆಯಬೇಕು. ಕಾದ ಗಾಜು ಸ್ವಲ್ಪ ವಿದ್ಯುತ್ ಹರಿಸುತ್ತದೆ. ಮರಳು ಶುದ್ಧವಾಗಿರಲಿ, ಕಬ್ಬಿಣದ ಅಂಶ ಬೇಡ, ತೇವ ಬೇಡ ಎಂದು ಅಷ್ಟು ಹಠ ಹಿಡಿಯುವುದರ ಹಿಂದೆ ಇದೂ ಒಂದು ಕಾರಣ.

ಕೊಳವೆಯೊಳಗೆ ಪುಡಿ ತುಂಬುವ ಉಪಾಯ ಹೊಸದೇನಲ್ಲ. ಎಡಿಸನ್ ಅಮೆರಿಕದಲ್ಲಿ ಫ್ಯೂಸಿಗೆ ಪೇಟೆಂಟ್ ಪಡೆದ 1890ರಲ್ಲೇ ಬ್ರಿಟನ್‌ನಲ್ಲಿ ಮಾರ್ಡೆ ಎಂಬಾತ ಪುಡಿ ತುಂಬಿದ ಕಾರ್ಟ್ರಿಜ್ ಫ್ಯೂಸಿಗೆ ಪೇಟೆಂಟ್ ಪಡೆದಿದ್ದ.

ಆ ತವರದ ಬೊಟ್ಟಿನ ಮಾತು ಬಾಕಿ ಇದೆ. ದೊಡ್ಡ ಶಾರ್ಟಿಗೆ ಅದರಿಂದ ಏನೂ ಉಪಯೋಗವಿಲ್ಲ. ಅದು ಇರುವುದು ಸಣ್ಣ ಓವರ್‌ಲೋಡಿಗೆ. 100 ಆಂಪ್ ಫ್ಯೂಸಿನಲ್ಲಿ 170 ಆಂಪ್ ಅರ್ಧ ಗಂಟೆ ಹರಿಯಿತು ಎನ್ನಿ. ಬಿಸಿಗೆ ಹರಡಲು ಬೇಕಾದಷ್ಟು ಸಮಯ, ಪಟ್ಟಿಯೆಲ್ಲ ಕಾಯುತ್ತದೆ. ಬೆಳ್ಳಿ ಕರಗುವುದು 962 ಡಿಗ್ರಿಗೆ, ತಾಮ್ರ 1,085ಕ್ಕೆ. ಅಲ್ಲಿಯವರೆಗೆ ಕಾದರೆ ಫ್ಯೂಸ್ ಹಿಡಿದಿರುವ ಹೋಲ್ಡರ್ ಸುಟ್ಟುಹೋಗುತ್ತದೆ. ತವರ 232 ಡಿಗ್ರಿಗೇ ಕರಗಿ, ತಾನು ಕೂತಿರುವ ಲೋಹವನ್ನು ನಿಧಾನಕ್ಕೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ, ನೀರು ಸಕ್ಕರೆಯನ್ನು ಕರಗಿಸಿಕೊಂಡಂತೆ. ಪಟ್ಟಿ ಅಲ್ಲಿ ತುಂಡಾಗುತ್ತದೆ. 1939ರಲ್ಲಿ ಮೆಟ್‌ಕಾಫ್ ಇದನ್ನು ವಿವರಿಸಿದ್ದರಿಂದ ‘ಎಂ ಎಫೆಕ್ಟ್’ ಎಂಬ ಹೆಸರು ಬಂತು.

ಸಣ್ಣ ಕರೆಂಟ್ ಸುಲಭ, ದೊಡ್ಡದು ಕಷ್ಟ ಎಂದು ನಮಗೆ ಅನ್ನಿಸುತ್ತದೆ. ಫ್ಯೂಸಿಗೆ ಹಾಗಿಲ್ಲ. ತೀರ ದೊಡ್ಡ ಶಾರ್ಟಿನಲ್ಲಿ ಅದು ಅಲೆಯ ಬುಡದಲ್ಲೇ ಕರಗಿ ಪಾರಾಗುತ್ತದೆ. ನಡುವಿನ ಒಂದು ಕರೆಂಟ್ ಇದೆ: ಅಲೆ ತನ್ನ ನೆತ್ತಿಯ ಹತ್ತಿರ ಬಂದಾಗ ಸರಿಯಾಗಿ ಕತ್ತುಗಳು ಕರಗುವಂಥದ್ದು. ಆಗ ಇಂಡಕ್ಟೆನ್ಸಿನಲ್ಲಿ ಕೂಡಿಟ್ಟ ಶಕ್ತಿ ತುಂಬಿ ತುಳುಕುತ್ತಿರುತ್ತದೆ, ಆರ್ಕ್ ಅದನ್ನೆಲ್ಲ ತಿನ್ನಬೇಕು. ಡಬ್ಬಿ ಬಿರಿಯುವುದಿದ್ದರೆ ಅಲ್ಲೇ. ಪರೀಕ್ಷಾಲಯದಲ್ಲಿ 80,000 ಆಂಪ್ ಕೊಟ್ಟು ನೋಡಿದ್ದು ಸಾಲದೆಂದು, ಆರ್ಕಿನ ಶಕ್ತಿ ಗರಿಷ್ಠವಾಗುವ ಈ ಕರೆಂಟನ್ನು ಹುಡುಕಿ ಅದರಲ್ಲೂ ಪರೀಕ್ಷಿಸುತ್ತಾರೆ. ನನಗೆ ಈ ಪರೀಕ್ಷೆಯ ಮೇಲೆಯೇ ಹೆಚ್ಚು ನಂಬಿಕೆ.

ಡಿಸಿ ಇನ್ನೊಂದು ತಲೆನೋವು. ಎಸಿಯಲ್ಲಿ ಕರೆಂಟ್ ತಾನಾಗಿಯೇ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಫ್ಯೂಸ್ ಸ್ವಲ್ಪ ಸೋತರೂ ಆ ಸೊನ್ನೆ ಕೈ ಹಿಡಿಯುತ್ತದೆ. ಬ್ಯಾಟರಿ, ಸೋಲಾರ್ ಪ್ಯಾನೆಲ್‌ಗಳ ಡಿಸಿಯಲ್ಲಿ ಅಂಥ ಸೊನ್ನೆ ಇಲ್ಲ. ಆರ್ಕಿನ ವೋಲ್ಟೇಜೇ ಎಲ್ಲ ಕೆಲಸ ಮಾಡಬೇಕು. ಹಾಗಾಗಿ ಮೈಮೇಲೆ ಎಸಿ ವೋಲ್ಟೇಜ್ ಮಾತ್ರ ಬರೆದಿರುವ ಫ್ಯೂಸನ್ನು ಡಿಸಿಗೆ ಹಾಕಬೇಡಿ, ಸಂಖ್ಯೆ ಒಂದೇ ಇದ್ದರೂ.

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸಾರ್, ಕಿಟ್‌ಕ್ಯಾಟ್ ಫ್ಯೂಸ್‌ಗೆ ಎರಡೆಳೆ ತಂತಿ ಸುತ್ತಿದರೆ ಏನಾಗುತ್ತೆ? ನಾವು ಸುತ್ತಿದ್ದೀವಿ, ಏನೂ ಆಗಿಲ್ಲ.’ ಏನೂ ಆಗದಿರುವುದು ಶಾರ್ಟ್ ಆಗದೆ ಇದ್ದುದರಿಂದ. ಕಿಟ್‌ಕ್ಯಾಟ್ ಅಂದರೆ ತಂತಿಯನ್ನು ನಾವೇ ಸುತ್ತಿ ಸಿಕ್ಕಿಸುವ ಪಿಂಗಾಣಿ ಹಿಡಿಕೆ. ಅದರಲ್ಲಿ ಮರಳಿಲ್ಲ, ಆರ್ಕ್ ಗಾಳಿಯಲ್ಲೇ ಉರಿಯಬೇಕು, ಅದರ ಮುರಿಯುವ ಶಕ್ತಿ ಹೆಚ್ಚೆಂದರೆ ಕೆಲವೇ ಸಾವಿರ ಆಂಪ್. ಎರಡೆಳೆ ಹಾಕಿದಾಗ ತಂತಿ ತಡವಾಗಿ ಕರಗುತ್ತದೆ, ಅಷ್ಟರಲ್ಲಿ ಕರೆಂಟ್ ಇನ್ನೂ ಏರಿರುತ್ತದೆ, ಆವಿಯಾಗುವ ಲೋಹವೂ ಎರಡರಷ್ಟು. ಬಿಸಿಯಾಗುವ ಸರದಿ ಗೋಡೆಯೊಳಗಿನ ವೈರಿಗೆ ಬರುತ್ತದೆ.

ಇನ್ನೊಬ್ಬರು: ‘ಮೂರು ಫೇಸಿನಲ್ಲಿ ಎರಡು ಫ್ಯೂಸ್ ಹೋದವು, ಮೂರನೆಯದು ಚೆನ್ನಾಗಿದೆ. ಅದನ್ನೂ ಬದಲಿಸಬೇಕಾ?’ ಬದಲಿಸಿ. ಮೀಟರಿನಲ್ಲಿ ಅದು ಸರಿಯಾಗಿಯೇ ತೋರಿಸುತ್ತದೆ. ಆದರೆ ಆ ಗಳಿಗೆಯಲ್ಲಿ ಅದರೊಳಗೂ ದೊಡ್ಡ ಕರೆಂಟ್ ಹರಿದಿದ್ದರೆ ಒಂದೆರಡು ಕತ್ತುಗಳು ಅರೆಬರೆ ಕರಗಿರಬಹುದು, ತವರ ಅಲ್ಲಾಡಿರಬಹುದು. ಮುಂದೊಂದು ದಿನ ಶಾರ್ಟೇ ಇಲ್ಲದೆ, ಮೋಟಾರ್ ಓಡುತ್ತಿರುವಾಗ ಅದೊಂದೇ ಹೋಗುತ್ತದೆ, ಮೋಟಾರ್ ಎರಡು ಫೇಸಿನಲ್ಲಿ ಓಡಿ ಸುಡುತ್ತದೆ.

ಕೊನೆಯದು ಮುಂದಿನ ಸಾಲಿನ ಹುಡುಗಿಯದು. ಪಿಂಗಾಣಿ ಫ್ಯೂಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ‘ಒಳಗೆ ಮರಳಿದೆ ಅಂದ್ರಲ್ಲ ಸಾರ್, ಸದ್ದೇ ಬರ್ತಿಲ್ಲ?’ ಬರಬಾರದಮ್ಮ. ಸದ್ದು ಬಂದರೆ ಒಳಗೆ ಮರಳು ಓಡಾಡಲು ಜಾಗವಿದೆ ಎಂದಾಯಿತು, ಪಟ್ಟಿಯ ಯಾವುದೋ ಕತ್ತು ಬರಿ ಗಾಳಿಯಲ್ಲಿ ನಿಂತಿರಬಹುದು. ಅಲ್ಲಾಡಿಸಿದಾಗ ಸರಸರ ಅನ್ನುವ ಫ್ಯೂಸ್ ಸಿಕ್ಕರೆ, ಹೊಸದಾಗಿದ್ದರೂ ಸರಿ, ಪೆಟ್ಟಿಗೆಗೆ ವಾಪಸ್ ಹಾಕಿ ಹಿಂದಿರುಗಿಸಿ.